ಪೋಸ್ಟಿಂಗ್ ಬಂದಿದೆ, ಅಲ್ಲಿ ಕ್ವಾರ್ಟರ್ಸ್ ಇನ್ನೂ ಸಿಕ್ಕಿಲ್ಲ. ಮನೆ ಸಾಮಾನು ಏನು ಮಾಡಲಿ?

ನಿಮ್ಮ ಪ್ರಶ್ನೆ ಓದಿದೆ. ಯಜಮಾನರು ಹವಾಲ್ದಾರ್, ಬೆಂಗಳೂರಿನಿಂದ ರಾಜಸ್ಥಾನದ ಕಡೆ ಪೋಸ್ಟಿಂಗ್, ಅಲ್ಲಿ ಕ್ವಾರ್ಟರ್ಸಿಗೆ ಹೆಸರು ಹಚ್ಚಿ ಐದಾರು ತಿಂಗಳು ಕಾಯಬೇಕಂತೆ, ಇಲ್ಲಿನ ಕ್ವಾರ್ಟರ್ಸ್ ಖಾಲಿ ಮಾಡಬೇಕು, ಜೊತೆಗೆ ಇಬ್ಬರು ಮಕ್ಕಳು. ಸಾಮಾನೆಲ್ಲ ಕಟ್ಟಿಕೊಂಡು ಹೋಗಲೋ, ಬೆಂಗಳೂರಲ್ಲೇ ಬಾಡಿಗೆ ಗೋದಾಮಿನಲ್ಲಿ ಇಡಲೋ, ಬಾಗಲಕೋಟೆ ಹತ್ತಿರದ ಊರಿಗೆ ಸಾಗಿಸಲೋ ಅಂತ ಕೇಳಿದ್ದೀರಿ.

ತಂಗಿ ಅಂತಲೇ ಕರೀತೀನಿ, ಬೇಜಾರಾಗಬೇಡಿ. ನನ್ನ ಉತ್ತರ ಇಷ್ಟೇ: ಅಲ್ಲಿ ನಿಮ್ಮ ಮನೆಯ ನಂಬರ್ ಕೈಗೆ ಬರುವವರೆಗೆ ಒಂದು ಚಮಚವೂ ಆ ಕಡೆ ಹೊರಡಬಾರದು. ಮೊದಲು ಅವರು ಎರಡು ಟ್ರಂಕು, ಒಂದು ಹಾಸಿಗೆ ಸುರುಳಿ ಹಿಡಿದು ಹೋಗಲಿ. ನೀವು, ಮಕ್ಕಳು, ಸಾಮಾನು ಆಮೇಲೆ.

ಇದನ್ನು ಇಷ್ಟು ಗಟ್ಟಿಯಾಗಿ ಹೇಳೋಕೆ ಕಾರಣ ಇದೆ. ನಮ್ಮವರು ಎಂಇಜಿಯಲ್ಲಿ (ಮದ್ರಾಸ್ ಎಂಜಿನಿಯರ್ ಗ್ರೂಪ್, ಸೇನೆಯ ಎಂಜಿನಿಯರ್ ದಳ) 28 ವರ್ಷ ಸರ್ವಿಸ್ ಮಾಡಿ ಸುಬೇದಾರ್ ಆಗಿ ಪೆನ್ಶನ್ ಬಂದವರು. ಅವರ ಜೊತೆ ಏಳು ಮನೆ ಬದಲಿಸಿದ್ದೀನಿ. ಮೂರನೇದು ಪಠಾಣಕೋಟ್. ಆಗ ನನಗೆ ತಿಳುವಳಿಕೆ ಕಡಿಮೆ, ಗಂಡ ಎಲ್ಲೋ ಸಂಸಾರವೂ ಅಲ್ಲೇ ಅಂತ ಹಟ. ಕ್ವಾರ್ಟರ್ಸ್ "ಇನ್ನೇನು ಬಂದೇ ಬಿಡ್ತು" ಅನ್ನೋ ಮಾತು ನಂಬಿ ಕಪಾಟು, ಮಂಚ, ಗಾದಿ ಎಲ್ಲಾ ಲಾರಿಗೆ ಹಾಕಿಸಿದೆ. ಬಂದೇ ಬಿಡಬೇಕಿದ್ದ ಮನೆ ನಾಲ್ಕು ತಿಂಗಳು ಬರಲಿಲ್ಲ. ನಾವು ಸಿವಿಲ್‌ನಲ್ಲಿ (ಕಂಟೋನ್ಮೆಂಟ್ ಹೊರಗೆ) ಒಂದೇ ಒಂದು ರೂಮು ಹಿಡಿದೆವು. ಹಿಡಿಸಲಾರದ ಸಾಮಾನು ಇನ್ನೊಬ್ಬ ಹವಾಲ್ದಾರರ ಕ್ವಾರ್ಟರ್ಸ್ ಹಿಂದಿನ ಪಡಸಾಲೆಯಲ್ಲಿ ತಾಡಪತ್ರಿ ಹೊದ್ದು ಕೂತಿತು. ಮಳೆಗಾಲ ಮುಗಿದ ಮೇಲೆ ತಾಡಪತ್ರಿ ಎತ್ತಿದರೆ, ತವರಿನಿಂದ ಕೊಟ್ಟ ಹತ್ತಿ ಗಾದಿಯೊಳಗೆ ಇಲಿ ಮರಿ ಹಾಕಿತ್ತು. ಕೆಂಪಗೆ, ಕಣ್ಣು ಬಿಡದ ಐದು ಮರಿ. ನಮ್ಮವರು ನಕ್ಕರು. ನಾನು ಎರಡು ದಿನ ಅವರ ಜೊತೆ ಮಾತಾಡಲಿಲ್ಲ.

ಈಗ ನಿಮ್ಮ ವಿಷಯ. ಮೊದಲು ಕೇಳಿಕೊಳ್ಳಬೇಕಾದ್ದು, ಇದು ಕುಟುಂಬ ಜೊತೆಗಿರಬಹುದಾದ ಪೀಸ್ ಸ್ಟೇಷನ್ನೋ, ಗಡಿ ಕಡೆಯ ಫೀಲ್ಡೋ ಅಂತ. ಫೀಲ್ಡ್ ಆದರೆ ಲೆಕ್ಕವೇ ಬೇರೆ, ಕುಟುಂಬ ಹೋಗೋ ಹಾಗಿಲ್ಲ. ಆಗ ಎಸ್‌ಎಫ್ ಕ್ವಾರ್ಟರ್ಸಿಗೆ, ಅಂದರೆ ಯಜಮಾನರು ಗಡಿಯಲ್ಲಿರುವಾಗ ಕುಟುಂಬ ಮಾತ್ರ ಇರೋಕೆ ಕೊಡುವ ಮನೆಗೆ, ಅರ್ಜಿ ಹಾಕಬಹುದು. ಪೀಸ್ ಆದರೆ ಅಲ್ಲಿನ ಸರದಿಯಲ್ಲಿ ಹೆಸರು ಎಷ್ಟನೇದು ಅಂತ ಅವರು ರಿಪೋರ್ಟ್ ಮಾಡಿದ ವಾರದಲ್ಲೇ ಕೇಳಿ ತಿಳಿಸಲಿ. "ಜಲ್ದಿ ಸಿಗುತ್ತೆ" ಅನ್ನೋದು ಉತ್ತರ ಅಲ್ಲ. "ಹದಿನಾಲ್ಕನೇ ಹೆಸರು" ಅನ್ನೋದು ಉತ್ತರ. ಇನ್ನು ಬೆಂಗಳೂರಿನ ಮನೆಯನ್ನು ಮಕ್ಕಳ ಪರೀಕ್ಷೆ ಮುಗಿಯುವ ತನಕ ಉಳಿಸಿಕೊಳ್ಳೋಕೆ ಬರಹದಲ್ಲಿ ಅರ್ಜಿ ಕೊಡಿ. ಕೊಡಲೂಬಹುದು, ಬಿಡಲೂಬಹುದು, ಆದರೆ ಬಾಯಿಮಾತಿನಲ್ಲಿ ಕೇಳಿದವರಿಗೆ ಯಾವತ್ತೂ ಸಿಕ್ಕಿದ್ದು ನೋಡಿಲ್ಲ.

ಗೋದಾಮಿನ ಬಗ್ಗೆ. ಬೆಂಗಳೂರಿನಲ್ಲಿ ಈಗ ಮನೆ ಸಾಮಾನು ಇಟ್ಟುಕೊಳ್ಳುವ ಕಂಪನಿಗಳು ಬೇಕಾದಷ್ಟಿವೆ. ಅವರು ಹೇಳುವ ತಿಂಗಳ ಬಾಡಿಗೆ ಚಿಕ್ಕದಾಗೇ ಕಾಣುತ್ತೆ. ಮೂರು ಸಾವಿರ ಅಂತಿಟ್ಟುಕೊಳ್ಳಿ, ಒಂದೂವರೆ ವರ್ಷಕ್ಕೆ 54,000 ಆಯ್ತು. ಒಯ್ಯುವ ಖರ್ಚು ಬೇರೆ, ಹೊರಗೆ ತೆಗೆಯುವ ಖರ್ಚು ಬೇರೆ, ನಡುವೆ ಹೋಗಿ ಒಂದು ಪೆಟ್ಟಿಗೆ ಬಿಚ್ಚಿಸಿದರೆ ಅದಕ್ಕೂ ಕೆಲವರು ದುಡ್ಡು ಕೇಳ್ತಾರೆ. ನಿಮ್ಮ ಸೋಫಾ, ಪ್ಲೈವುಡ್ ಮಂಚ, ಟಿವಿ ಸ್ಟ್ಯಾಂಡ್ ಮೂರನ್ನೂ ಮಾರಿದರೆ 54,000 ಬರುತ್ತಾ? ಬರಲ್ಲ. ಹಾಗಾದರೆ ಇಡೋದು ಯಾಕೆ? ಎರಡು ಮೂರು ತಿಂಗಳ ಮಾತಾದರೆ ಮಾತ್ರ, ಅದೂ ಊರಿಗೆ ಕಳಿಸೋಕೆ ಜಾಗವೇ ಇಲ್ಲದವರಿಗೆ, ಗೋದಾಮು ಸರಿ. ನಿಮಗೆ ಊರಿದೆ, ಊರಲ್ಲಿ ಮನೆ ಇದೆ. ಅತ್ತೆ ಮನೆಯ ಒಂದು ಮೂಲೆ ಕೇಳೋದು ಕಷ್ಟ ಅಂತೀರೇನೋ. ನನಗೂ ಕಷ್ಟವಾಗಿತ್ತು. ನಮ್ಮತ್ತೆ ಪೆಟ್ಟಿಗೆ ಎಣಿಸ್ತಾ "ಇಷ್ಟ್ ಡಬ್ಬಿ ಯಾಕ ಬೇಕವ್ವಾ ನಿಂಗ, ಅಂಗಡಿ ಇಡ್ತಿ ಏನು?" ಅಂದಿದ್ದರು. ಬೇಜಾರಾಯ್ತು, ಆದರೆ ಮುಂದಿನ ಸಲ ಡಬ್ಬಿ ಅರ್ಧಕ್ಕಿಳಿದವು.

ನಾನು ಸಾಮಾನು ವಿಂಗಡಿಸೋದು ಬೆಲೆ ನೋಡಿ ಅಲ್ಲ, ಇನ್ನು ಎರಡು ವರ್ಷದಲ್ಲಿ ಅದನ್ನು ಎಲ್ಲಿ ಮುಟ್ತೀನಿ ಅಂತ ನೋಡಿ. ಅಲ್ಲಿ ದಿನಾ ಮುಟ್ಟೋದು ಅಲ್ಲಿಗೆ: ಮಿಕ್ಸರ್, ಕುಕ್ಕರ್, ಮಕ್ಕಳ ಪುಸ್ತಕ, ಹೊದಿಕೆ. ಹೊದಿಕೆ ಅಂದಾಗ ನೆನಪಾಯ್ತು, ಮರುಭೂಮಿ ಅಂತ ಸ್ವೆಟರ್ ಬಿಟ್ಟು ಹೋಗಬೇಡಿ. ಜೋಧಪುರದಲ್ಲಿದ್ದಾಗ ಜನವರಿ ರಾತ್ರಿ ರಜಾಯಿ ಇಲ್ಲದೆ ನಿದ್ದೆ ಬರ್ತಿರಲಿಲ್ಲ. ಬೇಸಿಗೆಗೆ ನೀರು ಹಾಕಿ ಗಾಳಿ ತಂಪು ಮಾಡುವ ಕೂಲರ್ ಬೇಕೇ ಬೇಕು, ಅದನ್ನು ಅಲ್ಲೇ ತಗೊಳ್ಳಿ, ಪೋಸ್ಟಿಂಗ್ ಬಂದವರು ಮಾರ್ತಾನೇ ಇರ್ತಾರೆ. ಊರಲ್ಲಿ ಮುಟ್ಟೋದು ಊರಿಗೆ: ಹಬ್ಬದ ಪಾತ್ರೆ, ರೇಷ್ಮೆ ಸೀರೆ, ಹಿತ್ತಾಳೆ. ಎಲ್ಲೂ ಮುಟ್ಟದ್ದನ್ನು ಹೊರಡುವ ಮುಂಚೆ ಮಾರಿ ಇಲ್ಲವೇ ಕೊಟ್ಟುಬಿಡಿ. ಮಂಚದ ಬಗ್ಗೆ ಅಲ್ಲಿನ ಯೂನಿಟ್‌ನಲ್ಲಿ ವಿಚಾರಿಸಿ, ಕೆಲವು ಕಡೆ ಕ್ವಾರ್ಟರ್ಸ್ ಜೊತೆಗೇ ಕಾಟು, ಮೇಜು ಸಿಗುತ್ತವೆ.

ಊರಲ್ಲಿ ಇಡುವ ಸಾಮಾನಿನ ಬಗ್ಗೆ ಸ್ವಲ್ಪ ವಿಸ್ತಾರವಾಗಿ ಹೇಳ್ತೀನಿ, ಯಾಕಂದರೆ ನಾನು ಜಾಸ್ತಿ ಕಳಕೊಂಡಿದ್ದು ಇಟ್ಟಲ್ಲೇ, ದಾರಿಯಲ್ಲಲ್ಲ. ಬಿನ್ನಾಗುಡಿಯಲ್ಲಿದ್ದಾಗ (ಉತ್ತರ ಬಂಗಾಳ, ಚಹಾ ತೋಟಗಳ ನಡುವೆ, ಮಳೆ ಅಂದರೆ ಮಳೆ) ಮದುವೆಯ ಸೀರೆ ಟ್ರಂಕಿನಲ್ಲಿಟ್ಟು ಮೇಲೆ ಕೈತುಂಬ ಡಾಂಬರು ಗುಳಿಗೆ ಸುರಿದಿದ್ದೆ. ಎಂಟು ತಿಂಗಳ ಮೇಲೆ ತೆಗೆದರೆ ಗುಳಿಗೆ ತಾಗಿದಲ್ಲೆಲ್ಲ ಜರಿ ಕಪ್ಪಗಾಗಿದೆ, ಟ್ರಂಕಿನ ಮೂಲೆಯ ತುಕ್ಕು ಸೆರಗಿನ ಮೇಲೆ ಗೆರೆ ಎಳೆದಿದೆ. ಆ ಗೆರೆ ಇವತ್ತಿಗೂ ಹೋಗಿಲ್ಲ. ಈಗ ರೇಷ್ಮೆಯನ್ನು ಹಳೇ ಬಿಳಿ ಪಂಚೆಯಲ್ಲಿ ಸುತ್ತಿ, ಗುಳಿಗೆಯನ್ನು ಬೇರೆ ಬಟ್ಟೆಯಲ್ಲಿ ಗಂಟು ಕಟ್ಟಿ ಮೂಲೆಗಿಡ್ತೀನಿ. ವರ್ಷಕ್ಕೊಮ್ಮೆ ಮಡಿಕೆ ಬದಲಿಸ್ತೀನಿ. ಟ್ರಂಕು ನೆಲಕ್ಕೆ ತಾಗದಂತೆ ಕೆಳಗೆ ಇಟ್ಟಿಗೆ, ಗೋಡೆಯಿಂದ ಒಂದು ಗೇಣು ದೂರ. ಫ್ರಿಜ್ ಇಡೋದಾದರೆ ಒಳಗೆ ಪೂರಾ ಒಣಗಿಸಿ, ಬಾಗಿಲ ಸಂದಿಗೆ ಮಡಿಸಿದ ಬಟ್ಟೆ ಸಿಕ್ಕಿಸಿ, ಮುಚ್ಚಿಟ್ಟರೆ ಕಪ್ಪು ಬೂಷ್ಟು ಗ್ಯಾರಂಟಿ. ಮುಂದೆ ಬಾಗಿಲಿರುವ ವಾಷಿಂಗ್ ಮಷೀನಾದರೆ ಕೊಂಡಾಗ ಹಿಂಬದಿಯಿಂದ ಬಿಚ್ಚಿದ ಬೋಲ್ಟುಗಳನ್ನು ಹುಡುಕಿ ಮತ್ತೆ ಹಾಕಿಸದೆ ಲಾರಿ ಹತ್ತಿಸಬೇಡಿ, ಒಳಗಿನ ಡ್ರಮ್ಮು ದಾರಿಯುದ್ದಕ್ಕೂ ಬಡಿದುಕೊಳ್ಳುತ್ತೆ.

ದುಡ್ಡಿನ ಲೆಕ್ಕ. ವರ್ಗಾವಣೆಗೆ ಮೂಲ ವೇತನದ 80% ಒಂದೇ ಗಂಟಿನಲ್ಲಿ ಸಿಗುತ್ತೆ. ಸಾಮಾನಿನ ಸಾಗಣೆ ಬೇರೆ. 7ನೇ ವೇತನ ಆಯೋಗದ ಪ್ರಕಾರ ಹವಾಲ್ದಾರ್ ಲೆವೆಲ್ 5, ಆ ಲೆವೆಲ್ಲಿಗೆ ರೈಲಿನಲ್ಲಾದರೆ 3,000 ಕಿಲೋವರೆಗೆ, ರಸ್ತೆಯಲ್ಲಾದರೆ ಕಿಲೋಮೀಟರಿಗೆ 25 ರೂಪಾಯಿ ಅಂತ ನಿಗದಿಯಾಗಿತ್ತು. ಡಿಎ (ತುಟ್ಟಿಭತ್ಯೆ) 50% ಆದಾಗ ಈ ದರ ಏರುತ್ತೆ, ಹಾಗಾಗಿ ಈಗಿನದ್ದನ್ನು ಯೂನಿಟ್ ಕ್ಲರ್ಕ್ ಹತ್ತಿರ ಕೇಳಿ. ಹಳೇ ದರದಲ್ಲೇ ಲೆಕ್ಕ ಹಾಕಿದರೂ ಎರಡು ಸಾವಿರ ಕಿ.ಮೀ.ಗೆ 50,000 ಆಗುತ್ತೆ. ಅದು ಮಿತಿ. ಬಿಲ್ಲು ಅದಕ್ಕಿಂತ ಕಡಿಮೆ ಇದ್ದರೆ ಬಿಲ್ಲಿನಷ್ಟೇ ಸಿಗೋದು. ಇನ್ನೊಂದು ಮಾತು, ನೀವು ಅರ್ಧ ಸಾಮಾನು ಊರಿಗೆ, ಅರ್ಧ ಆಮೇಲೆ ರಾಜಸ್ಥಾನಕ್ಕೆ ಅಂತ ಎರಡು ಕಂತು ಮಾಡಿದರೆ ಕ್ಲೈಮ್ ಹೇಗೆ ಬರೆಯಬೇಕು, ಎಷ್ಟು ದಿನದೊಳಗೆ ಅಂತ ಲಾರಿ ಗೊತ್ತು ಮಾಡುವ ಮುಂಚೆ ಕೇಳಿಕೊಳ್ಳಿ. ಆಮೇಲೆ ಕೇಳಿದರೆ ಕ್ಲರ್ಕ್ ಸಾಹೇಬರು ನಿಟ್ಟುಸಿರು ಬಿಟ್ಟು ಫೈಲು ಮುಚ್ತಾರೆ.

ಲಾರಿಯವರ ವಿಷಯದಲ್ಲಿ ಒಂದು ಪೆಟ್ಟು ತಿಂದಿದ್ದೀನಿ. ಫೋನಿನಲ್ಲಿ ಹೇಳಿದ್ದು 38,000, ಅರ್ಧ ದಾರಿಯಲ್ಲಿ ಫೋನು, "ಮೇಡಂ, ಸಾಮಾನು ಜಾಸ್ತಿ ಇದೆ, ಇನ್ನೂ 14,000 ಹಾಕಿ, ಇಲ್ಲಾಂದ್ರೆ ಇಲ್ಲೇ ಇಳಿಸ್ತೀವಿ." ಹಾಕಿದೆವು, ಬೇರೆ ದಾರಿ ಇರಲಿಲ್ಲ. ಆವತ್ತಿನಿಂದ ನನ್ನ ನಿಯಮ: ಮನೆಗೆ ಬಂದು ಸಾಮಾನು ನೋಡಿ ಬರೆದುಕೊಡದವನಿಗೆ ಕೆಲಸ ಇಲ್ಲ. ಲೋಡಿಂಗ್, ಇಳಿಸೋದು, ಮಹಡಿ, ತೆರಿಗೆ ಎಲ್ಲ ಸೇರಿದ ಮೊತ್ತ ಕಾಗದದ ಮೇಲೆ ಇರಬೇಕು, ದೊಡ್ಡ ಪಾಲು ಸಾಮಾನು ಇಳಿದ ಮೇಲೆ. ಅವರ ಜಿಎಸ್‌ಟಿ ನಂಬರನ್ನು ಸರಕಾರದ ಜಿಎಸ್‌ಟಿ ಪೋರ್ಟಲ್‌ನಲ್ಲಿ ಹಾಕಿದರೆ ಯಾರ ಹೆಸರಿನಲ್ಲಿದೆ ಅಂತ ಬರುತ್ತೆ. ಲಾರಿ ನಂಬರ್ ಇರುವ ಬಿಲ್ಟಿ (ಸಾಮಾನು ಹತ್ತಿಸಿಕೊಂಡಿದ್ದಕ್ಕೆ ರಸೀದಿ) ಕೈಗೆ ಬರದೆ ಲಾರಿ ಗೇಟು ದಾಟಬಾರದು, ಕ್ಲೈಮಿಗೂ ಅದು ಬೇಕು. ವಿಮೆ ಅಂತ ಬಿಲ್ಲಿನಲ್ಲಿ ಒಂದು ಸಾಲು ಬರೆದು ದುಡ್ಡು ತಗೊಳ್ತಾರೆ, ಪಾಲಿಸಿಯ ಕಾಗದ ಕೊಡಿ ಅಂತ ಕೇಳಿದರೆ ಅರ್ಧ ಜನ ಮಾತು ಮರೆಸ್ತಾರೆ. ಇನ್ನು ಪಾರ್ಟ್ ಲೋಡ್, ಅಂದರೆ ಬೇರೆಯವರ ಸಾಮಾನಿನ ಜೊತೆ ಒಂದೇ ಲಾರಿಯಲ್ಲಿ ಕಳಿಸೋದು, ಅಗ್ಗ, ನಿಜ. ಆದರೆ ನಡುದಾರಿಯಲ್ಲಿ ಒಂದು ಲಾರಿಯಿಂದ ಇನ್ನೊಂದಕ್ಕೆ ಬದಲಿಸ್ತಾರೆ, ಗಾಜು ಪಿಂಗಾಣಿ ಅದರಲ್ಲಿ ಹಾಕಬೇಡಿ.

ಗ್ಯಾಸು: ಸಿಲಿಂಡರ್, ರೆಗ್ಯುಲೇಟರ್ ಏಜೆನ್ಸಿಗೆ ಒಪ್ಪಿಸಿ ವೋಚರ್ ಪಡೆಯಿರಿ, ಠೇವಣಿ ವಾಪಸ್ ಬರುತ್ತೆ. ಬೈಕು ರೈಲಿನಲ್ಲಿ ಹೋಗುತ್ತೆ. ಟ್ಯಾಂಕಿನಲ್ಲಿ ಹನಿ ಪೆಟ್ರೋಲ್ ಇರಬಾರದು, ಆರ್‌ಸಿ ನಕಲು ಬೇಕು, ಕನ್ನಡಿ ಬಿಚ್ಚಿ ಮನೆಯಲ್ಲೇ ಸುತ್ತಿಡಿ. ಬೇರೆ ರಾಜ್ಯದಲ್ಲಿ 12 ತಿಂಗಳು ದಾಟಿದರೆ ಅಲ್ಲಿ ಮತ್ತೆ ನೋಂದಣಿ. ಹೊಸ ಗಾಡಿ ಕೊಳ್ಳುವ ಯೋಚನೆ ಇದ್ದರೆ 2021ರಲ್ಲಿ ಬಂದ, ರಾಜ್ಯ ಬದಲಾದರೂ ಮತ್ತೆ ನೋಂದಣಿ ಬೇಡದ ಬಿಎಚ್ ಸರಣಿಯ ನಂಬರ್ ಕೇಳಿ, ಸೇನೆಯವರಿಗೆ ಅದು ಸಿಗುತ್ತೆ, ತಿರುಗುವವರಿಗೆ ಅದೇ ಸರಿ. ಕ್ವಾರ್ಟರ್ಸ್ ಒಪ್ಪಿಸುವ ದಿನ ಎಂಇಎಸ್‌ನವರು (ಸೇನೆಯ ಕಟ್ಟಡಗಳನ್ನು ನೋಡಿಕೊಳ್ಳುವವರು) ಪಟ್ಟಿ ಹಿಡಿದು ಫ್ಯಾನು, ನಲ್ಲಿ, ಕಿಟಕಿ ಗಾಜು ಎಣಿಸ್ತಾರೆ, ಒಡೆದ ಗಾಜನ್ನು ಮೊದಲೇ ಹೊರಗಿನಿಂದ ಹಾಕಿಸಿಬಿಟ್ಟರೆ ಡ್ಯಾಮೇಜ್ ಚಾರ್ಜಿಗಿಂತ ಅಗ್ಗ.

ಮಕ್ಕಳು ಯಾವ ತರಗತಿ ಅಂತ ನೀವು ಬರೆದಿಲ್ಲ. ಕೇಂದ್ರೀಯ ವಿದ್ಯಾಲಯದಲ್ಲಿದ್ದರೆ ಅಲ್ಲಿನ ಟಿಸಿ ಹಿಡಿದು ಹೋದವರಿಗೆ ಹೆಚ್ಚು ತೊಂದರೆ ಇಲ್ಲ. ನಮ್ಮ ರಾಜ್ಯದ ಸಿಲೆಬಸ್ಸಿನಲ್ಲಿ, ಅದೂ ಒಂಬತ್ತು ಹತ್ತರಲ್ಲಿ ಇದ್ದರೆ ಮಾತ್ರ ಈ ವರ್ಷ ನೀವು ಊರಲ್ಲೇ ಇದ್ದುಬಿಡಿ ಅಂತೀನಿ. ನಡುವರ್ಷದಲ್ಲಿ ಹಿಂದಿ ಮಾಧ್ಯಮದ ಗೆಳೆಯರ ನಡುವೆ ಕೂತ ನನ್ನ ದೊಡ್ಡ ಮಗ ಮೂರು ತಿಂಗಳು ಬಾಯಿ ಬಿಡಲಿಲ್ಲ.

ಒಂದು ಎಚ್ಚರಿಕೆ. ಯೂನಿಟ್ ಹೆಸರು, ಊರು, ಹೊರಡುವ ತಾರೀಕು ಇಂಥ ಜಾಗದಲ್ಲಿ ಬರೀಬೇಡಿ. ಲಾರಿಯವರಿಗೂ ಅಷ್ಟೆಲ್ಲ ಹೇಳಬೇಕಿಲ್ಲ, ವಿಳಾಸ ಸಾಕು. ನೀವು "ರಾಜಸ್ಥಾನದ ಕಡೆ" ಅಂತ ಮಾತ್ರ ಬರೆದಿದ್ದು ಒಳ್ಳೇದಾಯ್ತು.

ಒಂದು ನೂರು ಪುಟದ ನೋಟ್‌ಬುಕ್ ತಗೊಳ್ಳಿ. ಪೆಟ್ಟಿಗೆಗೆ ನಂಬರು, ನೋಟ್‌ಬುಕ್ಕಿನಲ್ಲಿ ಒಳಗಿರೋದು, ಕೀಲಿ ಯಾರ ಹತ್ತಿರ, ಈಗ ಎಲ್ಲಿದೆ. ಫೋನಿನಲ್ಲಿ ಫೋಟೋನೂ ಹೊಡೆದಿಡಿ, ಆದರೆ ನಡುರಾತ್ರಿ ಕರೆಂಟಿಲ್ಲದಾಗ ನೋಟ್‌ಬುಕ್ಕೇ ಗತಿ. ನಮ್ಮ ಕಪ್ಪು ಟ್ರಂಕುಗಳ ಮೇಲೆ ನಮ್ಮವರ ಹೆಸರಿನ ಮುಂದೆ ಪೇಂಟರ್ ಬಿಳಿ ಬಣ್ಣದಲ್ಲಿ "ಸ್ಯಾಪರ್" (ಎಂಇಜಿಯಲ್ಲಿ ಸಿಪಾಯಿಗೆ ಹಾಗನ್ನೋದು) ಅಂತ ಬರೆದಿದ್ದ, ಅದರ ಮೇಲೆ ಕಪ್ಪು ಬಳಿದು "ನಾಯಕ್", ಮತ್ತೆ ಬಳಿದು "ಹವಾಲ್ದಾರ್". ಬಿಸಿಲಿಗೆ ಹಿಡಿದರೆ ಮೂರೂ ಕಾಣುತ್ತವೆ. ನಂಬರನ್ನು ಮಾತ್ರ ನಾನೇ ಬರೆಯೋದು, ಮುಚ್ಚಳದ ಮೇಲೆ ಬೇಡ, ಎರಡೂ ಪಕ್ಕಕ್ಕೆ. ಒಂದರ ಮೇಲೊಂದು ಪೇರಿಸಿದಾಗ ಮುಚ್ಚಳ ಕಾಣಲ್ಲ.

ಕಾಗದಪತ್ರದ ಚೀಲ ನಿಮ್ಮ ಹೆಗಲಿಗೆ: ಮದುವೆ ಸರ್ಟಿಫಿಕೇಟು, ಮಕ್ಕಳ ಜನನ ಪತ್ರ, ಮಕ್ಕಳ ಹೆಸರು ಸೇನೆಯ ದಾಖಲೆಗೆ ಸೇರಿದ ಆದೇಶದ (ಪಾರ್ಟ್ ಟೂ ಆರ್ಡರ್) ನಕಲು, ಟಿಸಿ, ಕ್ಯಾಂಟೀನ್ ಕಾರ್ಡು, ಅವಲಂಬಿತರ ಕಾರ್ಡು. ಬಂಗಾರ ಲಾಕರಿಗೆ, ಲಾರಿಗಲ್ಲ. ರೈಲಿನ ಸ್ಲೀಪರಿನಲ್ಲಿ ಪೂರ್ತಿ ಟಿಕೆಟ್ಟಿನ ಒಬ್ಬರಿಗೆ 40 ಕಿಲೋ ಒಯ್ಯಬಹುದು, ನಿಮ್ಮ ಟಿಕೆಟ್ಟುಗಳಿಗೆ ಎಷ್ಟಾಯ್ತು ನೋಡಿಕೊಳ್ಳಿ.

ಆ ತೂಕದಲ್ಲೇ ಒಂದನೇ ನಂಬರಿನ ಟ್ರಂಕು ನಿಮ್ಮ ಜೊತೆ ರೈಲಿನಲ್ಲಿ ಬರಲಿ, ಲಾರಿ ಒಂದು ವಾರ ತಡವಾದರೂ ಬದುಕಬೇಕು. ನನ್ನದರಲ್ಲಿ ಇರ್ತಿದ್ದದ್ದು: ಸಣ್ಣ ಕುಕ್ಕರ್, ಇಂಡಕ್ಷನ್ ಒಲೆ, ನಾಲ್ಕು ತಾಟು, ಚಾಕು, ಅವಲಕ್ಕಿ, ಶೇಂಗಾ ಚಟ್ನಿಪುಡಿ, ಮೂರು ದಿನಕ್ಕಾಗುವ ಜೋಳದ ಕಡಕ್ ರೊಟ್ಟಿ, ಪೊರಕೆ, ಒಂದು ಬಲ್ಬು, ಸ್ಕ್ರೂಡ್ರೈವರ್, ಬೀಗ. ಮತ್ತೆ ಹದಿನೈದು ಮೀಟರ್ ಪ್ಲಾಸ್ಟಿಕ್ ಹಗ್ಗ. ಹೊಸ ಕ್ವಾರ್ಟರ್ಸಿನಲ್ಲಿ ಹಳಬರು ಮೊಳೆ ಸಹ ಬಿಟ್ಟು ಹೋಗಿರ್ತಾರೆ, ಹಗ್ಗ ಮಾತ್ರ ಬಿಚ್ಚಿಕೊಂಡು ಹೋಗಿರ್ತಾರೆ.