ಪಾರ್ಕಿನಲ್ಲಿ ಜನ ನಡೆದಾಗ ಬೆಳಕು, ಸ್ವರ ಬರುವ ಹಾಗೆ ಮಾಡಬೇಕು. ಮೈಶಾಖದಿಂದ ಚಲನೆ ಗುರುತಿಸುವ ಪಿಐಆರ್ ಸೆನ್ಸರ್ ಒಳ್ಳೆಯದೋ, ಪ್ರತಿಧ್ವನಿಯಿಂದ ದೂರ ಅಳೆಯುವ ಅಲ್ಟ್ರಾಸಾನಿಕ್ಕೋ?

ಎರಡೂ ಬೇಡ. ಪಿಐಆರ್ ಹಾಕಿ ನಾನು ಬಡಾವಣೆಯವರ ಮುಂದೆ ಚೆನ್ನಾಗಿ ಮುಖಭಂಗ ಮಾಡಿಕೊಂಡಿದ್ದೇನೆ.

ರಾಜ್ಯೋತ್ಸವಕ್ಕೆ ಅಂತ ಪಾರ್ಕಿನ ದಾರಿಯುದ್ದಕ್ಕೂ ಬಿದಿರು ನೆಟ್ಟು, ಒಂದೊಂದಕ್ಕೂ ಎಲ್‌ಇಡಿ ಪಟ್ಟಿ, ಪುಟ್ಟ ಸ್ಪೀಕರ್, ಸೆನ್ಸರ್ ಕಟ್ಟಿದ್ದೆ. ಯಾರಾದರೂ ಹತ್ತಿರ ಬಂದರೆ ಬಿದಿರು ಬೆಳಗಬೇಕು, ಒಂದು ಸ್ವರ ನುಡಿಯಬೇಕು. ಮನೆಯ ಹಾಲ್‌ನಲ್ಲಿ ಎಲ್ಲ ಸರಿಯಾಗಿತ್ತು. ಆದರೆ ಅಲ್ಲಿ ಓಡಾಡಿದ್ದು ನಾನೊಬ್ಬನೇ.

ಅಗ್ಗಕ್ಕೆ ಸಿಗುವ ಪಿಐಆರ್ ಸೆನ್ಸರ್ ಎಚ್‌ಸಿ-ಎಸ್‌ಆರ್501 ಇದೆಯಲ್ಲ, ಅದಕ್ಕೆ ಮನುಷ್ಯ ಕಾಣುವುದಿಲ್ಲ. ಮುಂದೆ ಮೈಶಾಖ ಸರಿದಾಡಿದ್ದು ಮಾತ್ರ ಗೊತ್ತಾಗುತ್ತದೆ. ಒಮ್ಮೆ ಆನ್ ಆದರೆ, ಸಮಯದ ತಿರುಪನ್ನು ಪೂರ್ತಿ ಕಡಿಮೆ ಮಾಡಿದರೂ ಸುಮಾರು 3 ಸೆಕೆಂಡ್ ಆನ್ ಆಗಿಯೇ ಇರುತ್ತದೆ, ಆಫ್ ಆದ ಮೇಲೆ ಇನ್ನೂ ಎರಡು ಮೂರು ಸೆಕೆಂಡ್ ಏನು ಮಾಡಿದರೂ ಏಳುವುದಿಲ್ಲ. ಮೆಟ್ಟಿಲ ದೀಪಕ್ಕೆ ಇದು ಸಾಕು. ಪಾರ್ಕಿನಲ್ಲಿ ಏನಾಯಿತು ಅಂದ್ರೆ, ಮೊದಲ ಮಗು ದಾಟಿತು, ಬಿದಿರು ಬೆಳಗಿತು. ಹಿಂದೆ ಬಂದ ಮಗು ಕುಣಿದರೂ ಹೊಸ ಸ್ವರ ಇಲ್ಲ. ಬೆಳಕು ನೋಡೋಣ ಅಂತ ಯಾರಾದರೂ ಸುಮ್ನೆ ನಿಂತರೆ ಅದೇ ಆರಿಹೋಯಿತು. ಇನ್ನು 7 ಮೀಟರ್ ತನಕ ಅಗಲಕ್ಕೆ ಕಣ್ಣು ಹಾಯಿಸುವ ಸೆನ್ಸರ್ ಅದು, ಆಚೆ ದಾರಿಯವರಿಗೂ ಈಚೆ ಬಿದಿರು ಬೆಳಗುತ್ತಿತ್ತು. ಇದೆಲ್ಲ ನಡೆಯುತ್ತಿರುವುದು ತಮ್ಮಿಂದಲೇ ಅಂತ ಒಬ್ಬರಿಗೂ ಅನ್ನಿಸಲಿಲ್ಲ. "ಟೈಮರ್ ಹಾಕಿರೋ ಸೀರಿಯಲ್ ಸೆಟ್ ಅಲ್ವೇನಪ್ಪಾ?" ಅಂತ ಒಬ್ಬ ಅಜ್ಜ ಕೇಳಿ, ಬಜ್ಜಿ ಗಾಡಿಯ ಕಡೆ ಹೋದರು.

ಅಲ್ಟ್ರಾಸಾನಿಕ್ ಬೇಗ ಸ್ಪಂದಿಸುತ್ತದೆ, ನಿಜ. ಆದರೆ ಅಕ್ಕಪಕ್ಕ ಇಟ್ಟರೆ ಒಂದರ ಪ್ರತಿಧ್ವನಿ ಇನ್ನೊಂದಕ್ಕೆ ಕೇಳಿ ಗಲಿಬಿಲಿ. ಮಳೆ ಬಂದರಂತೂ ಮುಗೀತು.

ನನ್ನ ಕೇಳಿದರೆ ನಡೆಯುವವರನ್ನು ಹಿಡಿಯುವ ಯೋಚನೆಯನ್ನೇ ಬಿಡಿ. ಕೈಗೆ ಏನಾದರೂ ಕೊಡಿ. ಕೆನಡಾದ ಮಾಂಟ್ರಿಯಲ್‌ನಲ್ಲಿ 2011ರಲ್ಲಿ 'ಡೈಲಿ ತು ಲೆ ಜೂರ್' ಅನ್ನೋ ತಂಡ ಬೀದಿ ಬದಿಯಲ್ಲಿ 21 ಜೋಕಾಲಿ ಹಾಕಿತು. ಒಂದೊಂದು ಜೋಕಾಲಿಗೆ ಒಂದೊಂದು ಸ್ವರ, ಗುರುತು ಪರಿಚಯ ಇಲ್ಲದವರು ಜೊತೆಯಾಗಿ ಲಯದಲ್ಲಿ ಜೀಕಿದರೆ ಮಾತ್ರ ಕೆಲವು ರಾಗ ಬರುತ್ತವೆ. ಜೋಕಾಲಿ ಕಂಡರೆ ಏನು ಮಾಡಬೇಕು ಅಂತ ಬೋರ್ಡು ಬರೆಯಬೇಕಾ?

ನಿಮಗೆ ಬೇಕಾಗುವುದು ಜೋಕಾಲಿಗೊಂದು ಆಯಸ್ಕಾಂತ, ಕಂಬಕ್ಕೊಂದು ರೀಡ್ ಸ್ವಿಚ್. ಆಯಸ್ಕಾಂತ ಹತ್ತಿರ ಬಂದ ತಕ್ಷಣ ಈ ಸ್ವಿಚ್ ತಾನಾಗಿ ಕೂಡಿ ಆನ್ ಆಗುತ್ತದೆ, ಕಾಯಿಸುವುದಿಲ್ಲ. ಸ್ಪೀಕರ್‌ಗೆ ವೈರ್ ಎಳೆಯಿರಿ, ಬ್ಲೂಟೂತ್ ಹಾಕಿದರೆ ದನಿ ತಡವಾಗಿ ಬಂದು ಮತ್ತೆ ನನ್ನದೇ ಕಥೆ. ಜನರ ಕೈಗೆ ಸಿಗುವ ಕಡೆಯೆಲ್ಲ 12 ವೋಲ್ಟ್ ಮಾತ್ರ ಇರಲಿ. ಸರ್ಕ್ಯೂಟ್ ಇಡುವ ಪೆಟ್ಟಿಗೆಗೆ ವೈರ್ ಕೆಳಗಿನಿಂದ ಒಳಹೋಗಲಿ, ನವೆಂಬರ್ ಮಳೆಯನ್ನು ನಂಬಬೇಡಿ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಹೊರಗೆ ಧ್ವನಿವರ್ಧಕ ಹಾಕುವಂತಿಲ್ಲ, ಸ್ವಿಚ್ ಆರಿಸುವವರು ಯಾರು ಅಂತ ಮೊದಲೇ ಗೊತ್ತುಮಾಡಿಕೊಳ್ಳಿ.