ಹೊಳೆಗೆ ಹಾಕಿದ ದುಡ್ಡು

ಮಾನ್ಯರೇ,

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ತೀರ್ಥಹಳ್ಳಿ ಸೀಮೆಯ ನಿಮ್ಮ ಸಂಘ ಅಡಿಕೆ ಹಾಳೆ ತಟ್ಟೆಯ ಘಟಕ ಹಾಕಿ ಏಳು ವರ್ಷ. ಮಳೆಗಾಲದಲ್ಲಿ ಹಾಳೆಗೆ ಬೂಷ್ಟು, ಬೇಸಿಗೆಯಲ್ಲಿ ಕರೆಂಟಿಲ್ಲ, ಒಂದು ವರ್ಷವೂ ಲಾಭ ಕಂಡಿಲ್ಲ. ಈಗ ಹಾಳೆ ಒಣಗಿಸುವ ಡ್ರೈಯರ್‌ಗೆ ಇನ್ನೆಂಟು ಲಕ್ಷ ಬೇಕಂತೆ. ನಿಲ್ಲಿಸೋಣ ಎಂದ ನಿಮಗೆ ಹಿರಿಯ ನಿರ್ದೇಶಕರು, "ಇಷ್ಟು ಹಾಕಿಯಾಯ್ತಲ್ಲ ಮಾರಾಯ್ರೇ, ಈಗ ಬಿಟ್ಟರೆ ಅಷ್ಟೂ ಹೊಳೆಗೆ ಹಾಕಿದ ಹಾಗೆ" ಅಂದರಂತೆ. ಅವರಿಗೇನು ಹೇಳಲಿ ಎಂದು ಕೇಳಿದ್ದೀರಿ.

ಹೊಳೆಗೆ ಹಾಕಿದ್ದು ಹಾಕಿಯಾಗಿದೆ. ಡ್ರೈಯರ್ ತಂದರೂ ಅದು ತೇಲಿ ಬರುವುದಿಲ್ಲ. ಇದೇ ಯಂತ್ರಗಳನ್ನು ನಿನ್ನೆ ಯಾರೋ ಪುಕ್ಕಟೆ ಕೊಟ್ಟಿದ್ದರೆ, ಇವತ್ತು ಅವುಗಳ ಮೇಲೆ ಎಂಟು ಲಕ್ಷ ಸುರಿಯುತ್ತಿದ್ದಿರಾ? ಅಷ್ಟು ಕೇಳಿ ಸಾಕು.

ಆದರೆ ಲೆಕ್ಕ ಗೊತ್ತಿದ್ದ ಮಾತ್ರಕ್ಕೆ ಕೈ ಬಿಡುವುದಿಲ್ಲ. 2003ರ ಸುಮಾರಿಗೆ ಮಲೆನಾಡಿಗೆ ವೆನಿಲ್ಲಾ ಹುಚ್ಚು ಹಿಡಿದಾಗ ನಾನೂ ಗ್ಲಿರಿಸಿಡಿಯಾ ಮರಕ್ಕೆ ಬಳ್ಳಿ ಹಬ್ಬಿಸಿದೆ. ಬೆಳಿಗ್ಗೆ ಅರಳಿದ ಹೂವಿಗೆ ಅವತ್ತೇ ಕಡ್ಡಿ ತಾಗಿಸಿ ಪರಾಗಸ್ಪರ್ಶ ಮಾಡಬೇಕು, ಮರುದಿನಕ್ಕೆ ಬಾಡಿರುತ್ತದೆ. ದರ ನೆಲಕಚ್ಚಿದ ಮೇಲೂ ಮೂರು ವರ್ಷ ಕಡ್ಡಿ ಹಿಡಿದು ತೋಟಕ್ಕಿಳಿದೆ. ಪಕ್ಕದ ತೋಟದವರು ಬೇಲಿಯಾಚೆಯಿಂದ "ಎಂತ, ವೆನಿಲ್ಲಾ ಕೈಬಿಟ್ರಾ?" ಎಂದು ಕೇಳಿಯಾರೆಂಬ ಹೆದರಿಕೆ, ಅಷ್ಟೇ.

ಸಂಘ ಸಂಸ್ಥೆಗಳಲ್ಲಿ ಈ ಹೆದರಿಕೆ ಇನ್ನೂ ಜೋರು. 1976ರಲ್ಲಿ ಅಮೆರಿಕದ ಸಂಶೋಧಕ ಬ್ಯಾರಿ ಸ್ಟಾ ವಾಣಿಜ್ಯ ವಿದ್ಯಾರ್ಥಿಗಳಿಗೆ ಕಂಪನಿಯೊಂದರ ಹಣ ಹಂಚುವ ಕೆಲಸ ಕೊಟ್ಟು ನೋಡಿದರು. ತಾವೇ ಆರಿಸಿದ ವಿಭಾಗ ಸೋತದ್ದನ್ನು ಕಂಡವರೇ ಎರಡನೇ ಸಲ ಅದಕ್ಕೆ ಹೆಚ್ಚು ಸುರಿದರು. ಬೇರೆಯವರ ಆಯ್ಕೆ ಸೋತಿದ್ದಾಗ ಕೈ ಅಷ್ಟು ಧಾರಾಳವಾಗಲಿಲ್ಲ. ನಿಮ್ಮ ಘಟಕದ ಉದ್ಘಾಟನೆಯ ಕಲ್ಲಿನ ಮೇಲೆ ಯಾರ್ಯಾರ ಹೆಸರಿದೆ, ಒಮ್ಮೆ ನೋಡಿ ಬನ್ನಿ.

ಹಾಗಾಗಿ ಸಭೆಯಲ್ಲಿ ತಪ್ಪು ಯಾರದೆಂಬ ಮಾತೆತ್ತಬೇಡಿ. ಎತ್ತಿದಿರೋ, ಡ್ರೈಯರ್ ಬಂತೆಂದೇ ತಿಳಿಯಿರಿ. ಘಟಕ ಶುರುವಾದಾಗ ಮಂಡಳಿಯಲ್ಲಿ ಇಲ್ಲದಿದ್ದ ಇಬ್ಬರಿಗೆ ಲೆಕ್ಕ ನೋಡಲು ಬಿಡಿ. ಹಿರಿಯರು ಇನ್ನೊಂದು ವರ್ಷ ಕೇಳಿದರೆ ಕೊಡಿ. ಆದರೆ ಇಂಥ ತಾರೀಕಿನೊಳಗೆ ಇಷ್ಟು ಮಾರಾಟವಾಗದಿದ್ದರೆ ಬೀಗ ಎಂದು ಠರಾವಿನಲ್ಲಿ ಈಗಲೇ ಬರೆಸಿ, ಹಿರಿಯರದ್ದೇ ಮೊದಲ ಸಹಿ ಹಾಕಿಸಿ.

ಸಾಧ್ಯವಾದರೆ ಅವರನ್ನು ಕಡುಬೇಸಿಗೆಯಲ್ಲಿ ಶರಾವತಿ ಹಿನ್ನೀರಿಗೆ ಕರೆದುಕೊಂಡು ಹೋಗಿ. ನೀರಿಳಿದಾಗ ಹಿರೇಭಾಸ್ಕರ ಅಣೆಕಟ್ಟು ಇವತ್ತಿಗೂ ಗಟ್ಟಿಮುಟ್ಟಾಗಿ ಮೇಲೇಳುತ್ತದೆ. ಜೋಗದ ವಿದ್ಯುತ್ತಿಗೆಂದು 1948ರ ಹೊತ್ತಿಗೆ ಕಟ್ಟಿ ಮುಗಿಸಿದ್ದು, ಸೋತದ್ದೂ ಅಲ್ಲ. ಆದರೂ 1964ರಲ್ಲಿ ಅದಕ್ಕಿಂತ ದೊಡ್ಡದಾದ ಲಿಂಗನಮಕ್ಕಿ ಅಣೆಕಟ್ಟು ಎದ್ದಾಗ ಅದನ್ನು ಮುಳುಗಲು ಬಿಟ್ಟರು. (ಮನೆ, ಗದ್ದೆ ಮುಳುಗಿಸಿಕೊಂಡವರ ಲೆಕ್ಕ ಬೇರೆಯೇ ಇದೆ, ಅದನ್ನು ಇದರೊಳಗೆ ಬೆರೆಸಲಾರೆ.)

ಅಂದಹಾಗೆ ನಮ್ಮ ಗ್ಲಿರಿಸಿಡಿಯಾ ಮೇಲೆ ಈಗ ಕಾಳುಮೆಣಸು ಹಬ್ಬಿದೆ. ಪಕ್ಕದ ತೋಟದವರು ಈವರೆಗೂ ಏನೂ ಕೇಳಿಲ್ಲ.

— ಸಂಪಾದಕ