ತಯಾರಿಸಿದವರೇ ತಿನ್ನದಿರುವುದಕ್ಕೆ ಕಲಬೆರಕೆಯೊಂದೇ ಕಾರಣವಲ್ಲ

ಬೇಕರಿಯ ಕೆಲಸಗಾರರು ತಾವೇ ಮಾಡಿದ ಕೇಕನ್ನು ಮುಟ್ಟುವುದಿಲ್ಲವೆಂದರೆ ಅದರಲ್ಲಿ ಏನೋ ಕಲಬೆರಕೆ ಇರಲೇಬೇಕಲ್ಲವೇ ಎಂದು ತಾವು ಕೇಳಿದ್ದೀರಿ. ಇರಬಹುದು, ಆದರೆ ಬಹುಪಾಲು ಕಾರಣ ಅದಕ್ಕಿಂತ ಸರಳವಾದದ್ದು.

ನಾವು ರುಚಿ ಎನ್ನುವುದರಲ್ಲಿ ದೊಡ್ಡ ಪಾಲು ವಾಸನೆಯದು. ಬೆಳಗಿನಿಂದ ಓವನ್ನಿನ ಮುಂದೆ ನಿಂತು ಬೆಣ್ಣೆ, ವೆನಿಲ್ಲಾ, ಕಂದುಗಟ್ಟಿದ ಸಕ್ಕರೆಯ ಪರಿಮಳವನ್ನೇ ಉಸಿರಾಡಿದವನ ಮೂಗು ಅದಕ್ಕೆ ಒಗ್ಗಿಹೋಗಿ, ಆಗತಾನೇ ಒಳಬಂದ ಗಿರಾಕಿಯ ಬಾಯಲ್ಲಿ ನೀರೂರಿಸುವ ಆ ಪರಿಮಳ ಅವನ ಗಮನಕ್ಕೂ ಬಾರದಂತಾಗುತ್ತದೆ. 2010ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾದ ಕೇರಿ ಮೋರ್‌ವೆಜ್ ಮತ್ತು ಸಂಗಡಿಗರ ಪ್ರಯೋಗದಲ್ಲಿ, 30 ಚಾಕೊಲೇಟ್ ಮಿಠಾಯಿಗಳನ್ನು ಒಂದೊಂದಾಗಿ ತಿಂದಂತೆ ಕಲ್ಪಿಸಿಕೊಂಡವರು, ಮೂರನ್ನಷ್ಟೇ ಕಲ್ಪಿಸಿಕೊಂಡವರಿಗಿಂತ ಬಳಿಕ ನಿಜವಾಗಿ ತಿಂದದ್ದು ಕಡಿಮೆ. ಬರೀ ಕಲ್ಪನೆಯಿಂದಲೇ ಬಯಕೆ ಇಷ್ಟು ತಗ್ಗುವುದಾದರೆ, ಕೆನೆಯ ಹದವನ್ನೂ ಸಿಹಿಯ ಪ್ರಮಾಣವನ್ನೂ ನೋಡಲೆಂದು ಚಮಚದ ತುದಿಯಲ್ಲಿ ದಿನವಿಡೀ ಸವಿಯುವವನಿಗೆ ಸಂಜೆಗೆ ಖಾರದ್ದೋ ಹುಳಿಯದ್ದೋ ಬೇಕೆನಿಸುವುದು ಸಹಜವೇ.

ಇದಲ್ಲದೆ, ಒಂದು ಕೇಕಿಗೆ ಎಷ್ಟು ಸಕ್ಕರೆ, ಎಷ್ಟು ಕೊಬ್ಬು ಸುರಿಯಬೇಕೆಂಬುದನ್ನು ತಿನ್ನುವವನು ಕಾಣುವುದಿಲ್ಲ, ತೂಗುವವನು ಕಾಣುತ್ತಾನೆ. ಮಾರುವವನಿಗಂತೂ ಒಂದೊಂದು ತುಂಡೂ ಗಲ್ಲಾಪೆಟ್ಟಿಗೆಗೆ ಬರಬೇಕಾದ ಹಣ.

ಹಾಗೆಂದು ತಮ್ಮ ಸಂಶಯವನ್ನು ನಾನು ತಳ್ಳಿಹಾಕುವುದಿಲ್ಲ. ಕರಿದ ಎಣ್ಣೆಯನ್ನೇ ಮತ್ತೆ ಮತ್ತೆ ಕಾಯಿಸುವುದನ್ನೋ ತಯಾರಿಕೆಯ ದಿನಾಂಕ ತಿದ್ದುವುದನ್ನೋ ಕಣ್ಣಾರೆ ಕಂಡು ದೂರ ಉಳಿದವರೂ ಉಂಟು. ಅಂಥವರನ್ನು ಗುರುತಿಸಲು, ಅವರು ತಾವು ತಿನ್ನುತ್ತಾರೆಯೇ ಎಂದಲ್ಲ, ತಮ್ಮ ಮಕ್ಕಳಿಗೆ ಅದನ್ನು ಮನೆಗೆ ಒಯ್ಯುತ್ತಾರೆಯೇ ಎಂದು ವಿಚಾರಿಸುವುದು ಹೆಚ್ಚು ಉಪಯುಕ್ತ.